ಪ್ರವೇಶದ ಕಿಂಡಿಯ ಆಚೆಗೆ

ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿಗಳು ಬಂದರೆ ಪತ್ರಿಕೆಗಳಲ್ಲಿ ಭಾವಚಿತ್ರ ಸಹಿತವಾದ ಸುದ್ದಿ ಬರುತ್ತದೆ. ಹಾರ, ಶಾಲು, ಭಾಷಣಗಳ ವರ್ಣನೆಯೂ ಇರುತ್ತದೆ. ಪ್ರಾಧ್ಯಾಪಕರೊಬ್ಬರಿಗೆ ಪ್ರಶಸ್ತಿ ಬಂದರೆ ಅದೂ ಸುದ್ದಿಯೇ. ಆದರೆ ಪ್ರವೇಶ ವಿಭಾಗದಲ್ಲಿ ಮೂವತ್ತು ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತರು ನಿವೃತ್ತರಾದರೆ, ಅವರ ಕುರ್ಚಿಗೆ ಇನ್ನೊಬ್ಬರು ಬಂದರೆ, ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಕಚೇರಿಯ ನೋಟೀಸು ಹಲಗೆಯ ಮೇಲೆ ಕೂಡ ಆ ಸುದ್ದಿ ಒಂದು ವಾರ ನಿಲ್ಲುವುದಿಲ್ಲ. ವಾಚಕರು ನಗಬಾರದು, ಈ ವಾರ ನಾನು ಬರೆಯಹೊರಟಿರುವುದು ಆ ಸಣ್ಣ ಸುದ್ದಿಯನ್ನೇ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಿದ ತಂದೆತಾಯಿಗಳನ್ನು ಕೇಳಿ ನೋಡಿ. ಕುಲಪತಿಗಳ ಹೆಸರು ಅವರಿಗೆ ತಿಳಿದಿರಲಿಕ್ಕಿಲ್ಲ. ಕಿಂಡಿಯ ಆಚೆ ಕುಳಿತಿದ್ದವರ ಮುಖವನ್ನು ಅವರು ಮರೆತಿರುವುದಿಲ್ಲ.

ನಮ್ಮ ಕಲಬುರಗಿಯ ಸೀಮೆಯಲ್ಲಿ ಈ ಕಿಂಡಿಗೆ ವಯಸ್ಸು ಬಹಳವಾಗಿಲ್ಲ. ನಿಜಾಮರ ಕಾಲದಲ್ಲಿ ಉಚ್ಚ ಶಿಕ್ಷಣವೆಂದರೆ ಹೈದರಾಬಾದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಕನ್ನಡ ಮನೆಯ ಹುಡುಗನು ವಿದ್ಯೆಯ ಹೊಸ್ತಿಲನ್ನು ದಾಟುವುದಕ್ಕೆ ಮೊದಲು ಭಾಷೆಯ ಹೊಸ್ತಿಲನ್ನು ದಾಟಬೇಕಾಗಿತ್ತು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ನಮ್ಮ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಬಂದುವು. ಆಗ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದುವು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರವೊಂದು ಇಲ್ಲಿಗೆ ಬಂತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೊಂದು ಸ್ಥಾಪನೆಯಾಗಿ, ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಸಿತು. ಆ ಮೇಲೆ ನಗರದಲ್ಲಿಯೇ ಖಾಸಗಿ ವಿಶ್ವವಿದ್ಯಾಲಯಗಳೂ ತಲೆಯೆತ್ತಿದುವು. ಹೀಗೆ ಎರಡು ತಲೆಮಾರುಗಳಲ್ಲಿ ಬಾಗಿಲುಗಳು ಹೆಚ್ಚಿದುವು. ಬಾಗಿಲುಗಳ ಸಂಗಡ ಕಾಗದಗಳೂ ಹೆಚ್ಚಿದುವು.

ಆ ಕಾಗದಗಳನ್ನು ಒಮ್ಮೆ ಎಣಿಸಿ ನೋಡೋಣ. ಹತ್ತನೆಯ ತರಗತಿಯ ಅಂಕಪಟ್ಟಿ, ಪಿ.ಯು.ಸಿ. ಅಂಕಪಟ್ಟಿ, ಟಿ.ಸಿ., ನಡತೆಯ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ. ಬೇರೆ ವಿಶ್ವವಿದ್ಯಾಲಯದಿಂದ ಬಂದವರಾದರೆ ವಲಸೆ ಪ್ರಮಾಣಪತ್ರ. ಇವೆಲ್ಲ ರಾಜ್ಯದ ಎಲ್ಲ ಕಡೆಯೂ ಇರುವಂಥವೇ. ನಮ್ಮ ಭಾಗಕ್ಕೆ ಇನ್ನೊಂದು ಹೆಚ್ಚಿನ ಕಾಗದವುಂಟು. ಸಂವಿಧಾನಕ್ಕೆ 2012ರಲ್ಲಿ ಮಾಡಿದ 98ನೆಯ ತಿದ್ದುಪಡಿಯಿಂದ 371(ಜೆ) ಎಂಬ ವಿಧಿ ಸೇರಿತು. ಅದರ ಮೇರೆಗೆ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸ್ಥಾನಗಳೂ ಇಲ್ಲಿಯ ಮಕ್ಕಳಿಗೆ ಮೀಸಲಾದುವು. ಆದರೆ ತಾನು ಇಲ್ಲಿಯವನೆಂಬುದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ರುಜುವಿರುವ ಪತ್ರವನ್ನು ತರಬೇಕು. ಹಿರಿಯರಿಗೆ ಇದು ಹೊಸತೆನಿಸದು. ನಿಜಾಮರ ಸರಕಾರವೂ 1919ರಲ್ಲಿ ಮುಲ್ಕಿ ನಿಯಮವನ್ನು ಮಾಡಿ, ನೌಕರಿ ಬೇಕಾದವರು ಹದಿನೈದು ವರ್ಷ ಸಂಸ್ಥಾನದಲ್ಲಿ ವಾಸವಾಗಿರಬೇಕೆಂದು ಹೇಳಿತ್ತು. ನೆಲದ ಮಗನೆಂದು ನೆಲಕ್ಕೆ ಗೊತ್ತಿದ್ದರೆ ಸಾಲದು, ದಫ್ತರಕ್ಕೂ ಗೊತ್ತಿರಬೇಕು.

ಇನ್ನು ಊರಿನ ಹೆಸರಿನ ವಿಚಾರ. ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಕೆಂಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಸರಕಾರದ ಭೌಗೋಳಿಕ ಮಾನ್ಯತೆಯೂ ದೊರೆತಿದೆ. ಮೊದಲು ಕಮಲಾಪುರವು ಗುಲಬರ್ಗಾ ತಾಲೂಕಿನಲ್ಲಿತ್ತು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. 2018ರಲ್ಲಿ ಕಮಲಾಪುರವೇ ಒಂದು ತಾಲೂಕಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆನಿಸಿತು. ಆದ್ದರಿಂದ ಹುಟ್ಟಿದ ಮನೆಯನ್ನು ಬಿಟ್ಟು ಕದಲದ ಹುಡುಗಿಯ ವಿಳಾಸವೂ ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ತಂದೆಯ ಹೆಸರು ಒಂದು ಕಡೆ ಮುಂದೆ, ಮತ್ತೊಂದು ಕಡೆ ಹಿಂದೆ. ಇಂಥ ಎರಡು ಕಾಗದಗಳನ್ನು ಎದುರು ಬದುರಾಗಿಟ್ಟು ಇವೆರಡೂ ಒಬ್ಬಳವೇ ಎಂದು ಕಾಣಬಲ್ಲ ಕಣ್ಣು ಯಂತ್ರಕ್ಕಿಲ್ಲ. ಅದು ಗುಮಾಸ್ತನಿಗೆ ಮಾತ್ರ ಉಂಟು, ಅದೂ ಅವನು ಈ ಸೀಮೆಯನ್ನು ಬಲ್ಲವನಾದರೆ.

ಪ್ರವೇಶದ ದಿನಗಳಲ್ಲಿ ಉಪನ್ಯಾಸಕರನ್ನೂ ಸಮಿತಿಗೆ ಹಾಕುವುದು ನಮ್ಮಲ್ಲಿ ರೂಢಿ. ಹಾಗೆ ಒಂದು ಪ್ರವೇಶ ವಿಭಾಗದಲ್ಲಿ ನಾನು ಕುಳಿತಿದ್ದಾಗ, ಕಮಲಾಪುರದ ಕಡೆಯಿಂದ ತಂದೆ ಮಗಳು ಬಂದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಮಗಳಿಗೆ ಖರ್ಚಿಲ್ಲ. ತಂದೆಗೆ ಮಾತ್ರ ಟಿಕೀಟು. ಅದು ಅವರ ನಾಲ್ಕನೆಯ ಓಡಾಟವಂತೆ. ಹುಡುಗಿಯ ಅಂಕಗಳು ಚೆನ್ನಾಗಿದ್ದುವು. ತೊಂದರೆಯೆಂದರೆ, ತಂದೆತಾಯಿ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿದ್ದ ಕಾಲದಲ್ಲಿ ಅವಳು ಐದನೆಯ ತರಗತಿಯವರೆಗೆ ಅಲ್ಲಿಯೇ ಓದಿದ್ದಳು. ಈ ಭಾಗದಲ್ಲಿ ಹತ್ತು ವರ್ಷ ತುಂಬಿಲ್ಲ, ಮೀಸಲು ಸ್ಥಾನ ಸಿಗದು ಎಂದು ಬೇರೊಂದು ಕಡೆ ಹೇಳಿ ಕಳಿಸಿದ್ದರು. ತಂದೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಮಳೆ ಬಾರದ ವರ್ಷದಲ್ಲಿ ಒಕ್ಕಲಿಗನ ಮುಖ ಹೇಗಿರುತ್ತದೆಯೋ ಹಾಗಿತ್ತು.

ಹಿರಿಯ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ಹುಡುಗಿಯನ್ನೇ ಕೇಳಿದರು:

"ನೀ ಹುಟ್ಟಿದ್ದು ಎಲ್ಲಿವ್ವಾ?"

ಉತ್ತರ ತಂದೆಯಿಂದ ಬಂತು: "ಕಮಲಾಪುರದಾಗ ರೀ ಸಾಹೇಬ್ರ. ಹೆರಿಗಿಗಿ ಇವರವ್ವ ಊರಿಗೇ ಬಂದಿದ್ಳು."

"ಮತ್ತ ಇದನ್ನ ಮೊದಲೇ ಹೇಳಬಾರದೇನ್ರಿ?"

"ಯಾರೂ ಕೇಳಲಿಲ್ಲರೀ."

ಸಂವಿಧಾನದ ಆ ವಿಧಿಯು ಜನನದಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದವರೆಂದು ಎರಡನ್ನೂ ಹೇಳುತ್ತದೆ. ಹಿರಿಯರಿಗೆ ಅದು ಬಾಯಿಪಾಠವಾಗಿತ್ತು. ಹುಟ್ಟಿದ ದಾಖಲೆಯನ್ನು ಎಲ್ಲಿ ಕೇಳಬೇಕು, ಅದನ್ನು ಹಚ್ಚಿ ಸಹಾಯಕ ಆಯುಕ್ತರ ಕಚೇರಿಗೆ ಹೇಗೆ ಅರ್ಜಿ ಕೊಡಬೇಕು, ಅರ್ಜಿ ಕೊಟ್ಟುದಕ್ಕೆ ಯಾವ ಚೀಟಿಯನ್ನು ಕೇಳಿ ಪಡೆಯಬೇಕು ಎಂಬುದನ್ನು ಒಂದು ತುಂಡು ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. "ಕೊನೀ ತಾರೀಖಿಗಿ ಇನ್ನಾ ಒಂಬತ್ತು ದಿನ ಅದಾವ, ಗಾಬರಿ ಆಗಬ್ಯಾಡ್ರಿ," ಎಂದರು. ಒಂಬತ್ತನೆಯ ದಿನಕ್ಕೆ ಮೊದಲೇ ಆ ಹುಡುಗಿಯ ಹೆಸರು ಪಟ್ಟಿಗೆ ಸೇರಿತು. ಒಂದು ಪ್ರಶ್ನೆಯಿಂದ ಒಂದು ವರ್ಷ ಉಳಿಯಿತು.

ಒಂದು ವರ್ಷವೆಂದರೆ ಏನು ಮಹಾ, ಎಂದು ನಗರದ ವಾಚಕರು ಕೇಳಬಹುದು. ನಮ್ಮ ಮನೆಗಳ ಹುಡುಗನಿಗೆ ವರ್ಷ ತಪ್ಪಿದರೆ ಮುಂದಿನ ವರ್ಷವುಂಟು. ನಡುವೆ ಒಂದು ತರಬೇತಿಗೋ ಪರೀಕ್ಷೆಯ ಸಿದ್ಧತೆಗೋ ಕಳಿಸುತ್ತೇವೆ. ಹಳ್ಳಿಯ ಹೆಣ್ಣುಮಗಳ ಲೆಕ್ಕ ಬೇರೆ. ಮನೆಯಲ್ಲಿ ಕುಳಿತ ವರ್ಷದಲ್ಲಿಯೇ ನೆಂಟರು ಬರುತ್ತಾರೆ, ಜಾತಕ ಬರುತ್ತದೆ, ಮುಹೂರ್ತವೂ ಬರುತ್ತದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 55. ಇಡೀ ರಾಜ್ಯದಲ್ಲಿ ಅದು ಸುಮಾರು 68. ಅಂಥ ಕಡೆಯಿಂದ ಒಬ್ಬ ಹುಡುಗಿ ಪಿ.ಯು.ಸಿ. ಮುಗಿಸಿ ಕಿಂಡಿಯವರೆಗೆ ಬಂದಳೆಂದರೆ, ದಾರಿಯಲ್ಲಿ ಎಷ್ಟೋ ಕೈಗಳು ಅವಳನ್ನು ಹಿಡಿದೆತ್ತಿವೆ. ಕಡೆಯ ಮೊಳದಲ್ಲಿ ಅವಳನ್ನು ಕೈಬಿಡುವುದು ಸಣ್ಣ ಮಾತಲ್ಲ.

ಪ್ರವೇಶ ಪಡೆದವರ ಪಟ್ಟಿ ಪ್ರತಿ ಕಾಲೇಜಿನಲ್ಲಿಯೂ ಇದೆ. "ಈ ಕಾಗದ ಸಾಲದು" ಎಂಬ ಮಾತು ಕೇಳಿ ಹಿಂದಿರುಗಿದವರ, ಮತ್ತೆ ಬಾರದೆ ಹೋದವರ ಪಟ್ಟಿ ಯಾವ ರಿಜಿಸ್ಟರಿನಲ್ಲಿಯೂ ಇಲ್ಲ. ಅವರು ಅನುತ್ತೀರ್ಣರಲ್ಲ, ಅವರಿಗೆ ಪರೀಕ್ಷೆಯೇ ನಡೆಯಲಿಲ್ಲ.

ಈಗ ಸಿಬ್ಬಂದಿಯ ಸುದ್ದಿಗೆ ಬರುತ್ತೇನೆ. ಮೇಲೆ ಹೇಳಿದ ಹಿರಿಯರು ನಿವೃತ್ತರಾಗಿದ್ದಾರೆ. ಅದೂ ಮೇ 31ರಂದು! ಇದರಲ್ಲಿ ಒಂದು ಸ್ವಾರಸ್ಯವಿದೆ. ಅವರ ತಲೆಮಾರಿನವರಲ್ಲಿ ಅನೇಕರ ಜನ್ಮದಿನ ಜೂನ್ 1. ಮನೆಯಲ್ಲಿ ತಾರೀಖು ಬರೆದಿಟ್ಟಿರುತ್ತಿರಲಿಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಲೆಕ್ಕಕ್ಕೆ ಅನುಕೂಲವಾಗುವಂತೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ಸರಕಾರದ ನಿಯಮ. ಹೀಗಾಗಿ ಅರ್ಧ ಶತಮಾನದ ಹಿಂದೆ ಪ್ರವೇಶದ ಪುಸ್ತಕದಲ್ಲಿ ಬರೆದ ಒಂದು ಅಂದಾಜಿನ ತಾರೀಖು, ಪ್ರವೇಶದ ಗದ್ದಲ ಏರುವ ಹೊತ್ತಿನಲ್ಲಿಯೇ ಪ್ರವೇಶವನ್ನು ಬಲ್ಲವರನ್ನು ಮನೆಗೆ ಕಳಿಸುತ್ತದೆ!

ಅವರು ಹೋಗುವಾಗ ಚಾರ್ಜು ವಹಿಸಿಕೊಟ್ಟರು. ಕಪಾಟಿನ ಕೀಲಿಕೈ, ರಿಜಿಸ್ಟರುಗಳು, ಮೊಹರು, ರಸೀತಿ ಪುಸ್ತಕ, ಎಲ್ಲಕ್ಕೂ ಪಟ್ಟಿಯುಂಟು, ರುಜುವುಂಟು. ಆದರೆ "ನೀ ಹುಟ್ಟಿದ್ದು ಎಲ್ಲಿ?" ಎಂದು ಕೇಳುವ ಬುದ್ಧಿಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು? ಅದು ಅವರ ಸಂಗಡ ಮನೆಗೆ ಹೋಯಿತು.

ಅವರ ಕುರ್ಚಿಗೆ ಬಂದವಳು ಇಪ್ಪತ್ತಾರರ ತರುಣಿ. ಇವಳನ್ನು ಕಡಿಮೆಯೆಂದು ಯಾರೂ ತಿಳಿಯಬಾರದು. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಶುಲ್ಕ, ಪರೀಕ್ಷೆಗಳೆಲ್ಲ ಒಂದೇ ಗಣಕ ವ್ಯವಸ್ಥೆಗೆ ಸೇರಿವೆ. ಹಿರಿಯರು ಅದರ ಮುಂದೆ ಕುಳಿತಾಗ ಬೆವರುತ್ತಿದ್ದರು. ಇವಳ ಬೆರಳುಗಳು ಹಾರ್ಮೋನಿಯಮ್ಮಿನ ಮೇಲೆ ಆಡಿದಂತೆ ಆಡುತ್ತವೆ. ಅದೇ 2021ರಲ್ಲಿ ಪದವಿಗೆ ನಾಲ್ಕು ವರ್ಷವೆಂಬ ಏರ್ಪಾಡು ಬಂತು. 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಒಂದೇ ಮನೆಯ ಅಕ್ಕನಿಗೆ ಒಂದು ಪದ್ಧತಿ, ತಂಗಿಗೆ ಇನ್ನೊಂದು. ಇದನ್ನು ದಿನಕ್ಕೆ ನೂರು ಸಲ ಬೇಸರಿಸದೆ ಬಿಡಿಸಿ ಹೇಳುವವಳು ಇವಳೇ. ಆದರೆ ಇವಳ ಕೆಲಸ ಕಾಯಂ ಅಲ್ಲ, ಗುತ್ತಿಗೆಯದು. ಈ ಸೀಮೆಯ ಹೆಸರುಗಳ ಒಳಗುಟ್ಟು, ಕಚೇರಿಗಳ ದಾರಿ, ತಂದೆಯರ ಮೌನ, ಇವುಗಳನ್ನೆಲ್ಲ ಇವಳು ಕಲಿತುಕೊಳ್ಳುವ ಹೊತ್ತಿಗೆ ಗುತ್ತಿಗೆ ಮುಗಿದರೆ, ಕಿಂಡಿಯ ಆಚೆ ಮತ್ತೊಂದು ಹೊಸ ಮುಖ, ಮತ್ತೊಂದು ಮೊದಲ ಪಾಠ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಪ್ರವೇಶ ವಿಭಾಗದ ಹಿರಿಯರು ನಿವೃತ್ತರಾಗುವ ಮೊದಲು ಆರು ತಿಂಗಳು ಕಿರಿಯರೊಬ್ಬರು ಅವರ ಮಗ್ಗುಲಲ್ಲಿ ಕುಳಿತಿರಲಿ. ಕಂಡ ಕಠಿಣ ಪ್ರಸಂಗಗಳನ್ನೂ ಅವುಗಳ ಪರಿಹಾರವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಪದ್ಧತಿಯಾಗಲಿ. ಚಾರ್ಜಿನ ಪಟ್ಟಿಯಲ್ಲಿ ಕೀಲಿಕೈಯ ಜೊತೆಗೆ ಆ ಪುಸ್ತಕವೂ ಇರಲಿ. ಕಿಂಡಿಯ ಪಕ್ಕದಲ್ಲಿ, ಯಾವ ಕಾಗದವನ್ನು ಯಾವ ಕಚೇರಿಯಿಂದ ತರಬೇಕೆಂಬುದನ್ನು ತಿಳಿಗನ್ನಡದಲ್ಲಿ ಬರೆದ ಹಲಗೆಯೊಂದು ನಿಲ್ಲಲಿ. ಕಾಗದ ಸಾಲದೆ ಹಿಂದಿರುಗಿದವರ ಹೆಸರನ್ನೂ ದೂರವಾಣಿಯನ್ನೂ ಬರೆದುಕೊಂಡು, ಕೊನೆಯ ದಿನಕ್ಕೆ ಮೊದಲು ಒಮ್ಮೆ ವಿಚಾರಿಸುವುದಕ್ಕೆ ಎಷ್ಟು ಹೊತ್ತು ಬೇಕು?

ಮನೆಯವರೂ ಮಾಡುವುದಿದೆ. ಮಕ್ಕಳ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿಯೇ ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಹರಡಿ, ಹೆಸರು, ಜನ್ಮದಿನ, ಊರು ಎಲ್ಲ ಕಡೆಯೂ ಒಂದೇ ಆಗಿವೆಯೇ ಎಂದು ನೋಡಬೇಕು. ತಿದ್ದುಪಡಿಗೆ ಏಪ್ರಿಲ್‌ನಲ್ಲಿ ಹೋದವರಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಜೂನ್‌ನಲ್ಲಿ ಹೋದವರಿಗೆ ಸಾಲು ಸಿಗುತ್ತದೆ. ಕಮಲಾಪುರದ ಕೆಂಬಾಳೆ ಉಳಿದ ಬಾಳೆಗಿಂತ ತಡವಾಗಿ ಕೊನೆಗೆ ಬರುತ್ತದೆಯಂತೆ. ಬೆಳೆದವನು ತಾಳ್ಮೆಯಿಂದ ಕಾಯುತ್ತಾನೆ. ಕೊನೆಯ ತಾರೀಖಿಗೆ ಆ ತಾಳ್ಮೆಯಿಲ್ಲ.

ಮತ್ತೊಂದು ಮಾತು. ಪ್ರವೇಶ ಮುಗಿದ ಮೇಲೆ ಕಿಂಡಿಯ ಆಚೆ ಇರುವವರ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಮುಂದಿನ ವರ್ಷ ನಿಮ್ಮ ಓಣಿಯ ಇನ್ನೊಬ್ಬ ಹುಡುಗಿಗೆ ಆ ಹೆಸರು ಬೇಕಾಗುತ್ತದೆ.