ಬೆಟ್ಟ ಬೇಕು, ಬೆಟ್ಟದವರು ಬೇಡ

ಮೊದಲೇ ಒಂದು ಲೆಕ್ಕ ಹೇಳಿಬಿಡ್ತೀನಿ. ವೇಲ್ಸ್‌ನ ಅತಿ ಎತ್ತರದ ಶಿಖರ ಸ್ನೋಡನ್, 1,085 ಮೀಟರ್. ನಮ್ಮ ಮಧುಗಿರಿ ಬೆಟ್ಟ 1,193 ಮೀಟರ್. ಇದು ಸಮುದ್ರಮಟ್ಟದಿಂದ ಅಳೆದದ್ದು. ಮಧುಗಿರಿ ಊರೇ ಎತ್ತರದಲ್ಲಿರೋದರಿಂದ ನಿಜವಾಗಿ ಕಾಲಿಗೆ ಬೀಳೋ ಏರು ನಮ್ಮದೇ ಕಮ್ಮಿ, ಒಪ್ಕೋತೀನಿ. ಆದರೂ ಶಿರಾ ತಾಲೂಕಿನ ಹುಲಿಕುಂಟೆ ಕಡೆಯವನು, ಬೇಸಿಗೆ ರಜವೆಲ್ಲ ಮಧುಗಿರಿ ಪಕ್ಕದ ಅತ್ತೆ ಊರಲ್ಲಿ ಕಳೆದವನು, ಆ ಗಿಡ್ಡ ಬೆಟ್ಟ ಹತ್ತಿಸೋದಕ್ಕೆ ಗೈಡ್‌ಗೆ ತಲೆಗೆ ಐವತ್ತು ಪೌಂಡ್ ಕೊಟ್ಟೆ. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಬೇಜಾರು ಬೇರೆ ಇದೆ.

ಮ್ಯಾಂಚೆಸ್ಟರ್‌ನಲ್ಲಿ ಆನ್‌ಸೈಟ್‌ನಲ್ಲಿದ್ದ ಕಾಲ. ಒಂದು ಶನಿವಾರ ಐದು ಜನ ಗೆಳೆಯರು ಕಾರು ಹತ್ತಿ ಹೊರಟ್ವಿ. ಪೆನ್-ಅ-ಪಾಸ್ ಅನ್ನೋ ಜಾಗದಿಂದ ಏರು ಶುರು. ಅಲ್ಲಿ ಕಾರು ನಿಲ್ಲಿಸೋಕೂ ಮುಂಚೆಯೇ ಬುಕ್ ಮಾಡಿರಬೇಕು. ನಮ್ಮ ಗೈಡ್ ಅಲ್ಲಿಯವನೇ. ಅವನ ಅಜ್ಜ ಲಾನ್‌ಬೆರಿಸ್‌ನ ಸ್ಲೇಟ್ ಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿದವನಂತೆ. 1969ರಲ್ಲಿ ಮುಚ್ಚಿದ ಕ್ವಾರಿ ಅದು. ಶುರುವಿಗೇ ನಮ್ಮನ್ನ ನಿಲ್ಲಿಸಿ, "ಸ್ನೋಡನ್ ಅನ್ನಬೇಡಿ, ಅರ್ ವಿದ್‌ವ ಅನ್ನಿ" ಅಂದ. ಐದು ಜನ ಐದು ಸಲ ಹೇಳಿದ್ವಿ. 2022ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದವರೇ ವೆಲ್ಷ್ ಹೆಸರನ್ನೇ ಬಳಸೋಣ ಅಂತ ತೀರ್ಮಾನ ಮಾಡಿದ್ದಾರೆ. ವಿದ್‌ವ ಅಂದ್ರೆ ಸಮಾಧಿಯ ದಿಬ್ಬ. ಆರ್ಥರ್ ರಾಜ ಕೊಂದ ಒಬ್ಬ ದೈತ್ಯನನ್ನ ಶಿಖರದಲ್ಲಿ ಹೂತು ಕಲ್ಲು ಪೇರಿಸಿದ್ರು ಅನ್ನೋದು ಕತೆ. ನಾವು ಬಾಯಿ ಬಿಟ್ಕೊಂಡು ಕೇಳಿದ್ವಿ. ನಮ್ಮಲ್ಲೊಬ್ಬ ಬಾಳೆಹಣ್ಣು ತಿಂದು ಸಿಪ್ಪೆ ಎಸೆದ. ಗೈಡ್ ಮಾತಾಡದೆ ಎತ್ತಿ ತನ್ನ ಚೀಲಕ್ಕೆ ಹಾಕ್ಕೊಂಡ. "ಈ ಚಳಿಗೆ ಇದು ಬೇಗ ಕೊಳೆಯಲ್ಲ" ಅಂದ, ಅಷ್ಟೇ. ಆಮೇಲೆ ಯಾರೂ ಎಸೀಲಿಲ್ಲ.

ಮೇಲೆ ಮಂಜು ಬಿಟ್ಟು ಏನೂ ಕಾಣಲಿಲ್ಲ. 1896ರಿಂದ ಅಲ್ಲಿಗೆ ಪುಟ್ಟ ರೈಲೂ ಓಡುತ್ತೆ, ನಮಗಿಂತ ಮುಂಚೆ ಅಜ್ಜಿಯರು ರೈಲಲ್ಲಿ ಬಂದು ಕೂತಿದ್ರು. ಇರಲಿ.

"ಫಾರಿನ್ನಲ್ಲಿ ಎಷ್ಟು ಶಿಸ್ತು ನೋಡಿ" ಅಂತ ಹೇಳೋಕೆ ಹೊರಟಿದ್ದೀನಿ ಅಂದ್ಕೊಂಡ್ರಾ? ಆ ಪ್ರವಚನ ಸಾಕಷ್ಟಾಗಿದೆ. ಇಳಿಯುವಾಗ ನನಗೆ ನೆನಪಾಗಿದ್ದು ಶಿಸ್ತಲ್ಲ, ನಮ್ಮ ಬಾವ.

ಬಾವ ಅಂದ್ರೆ ಸೋದರತ್ತೆ ಮಗ. ಎಸ್ಸೆಸ್ಸೆಲ್ಸಿಯಲ್ಲಿ ಫೇಲು. ಕುರಿ, ಒಂದಿಷ್ಟು ಕಡ್ಲೆಕಾಯಿ ಹೊಲ. ನಾನು ಬಿ.ಇ. ಮಾಡಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ಆಫೀಸಿನ ಹದಿನೆಂಟು ಜನರನ್ನ ಮಧುಗಿರಿಗೆ ಕರ್ಕೊಂಡು ಹೋಗಿದ್ದೆ. ಪ್ಯಾಕೇಜು, ಬಸ್ಸು, ಟೀಶರ್ಟು, ಜೊತೆಗೆ "ಟ್ರೆಕ್ ಲೀಡ್" ಅಂತ ಇಂದಿರಾನಗರದ ಒಬ್ಬ ಹುಡುಗ. ಅವನೂ ಆ ಬೆಟ್ಟಕ್ಕೆ ಬಂದಿದ್ದು ಅದೇ ಮೊದಲು. ಭರವಸೆ ಸಾಲದೆ ನಾನು ಬಾವನಿಗೆ ಫೋನ್ ಮಾಡಿದ್ದೆ. ಕುರಿ ಅತ್ತೆಗೆ ಒಪ್ಪಿಸಿ ಬಂದಿದ್ದ.

ದಾರಿಯಲ್ಲಿ ಬಾವ ಒಂದು ಕತೆ ಹೇಳೋಕೆ ಶುರು ಮಾಡಿದ. ಹಿರೇಗೌಡ ಅನ್ನೋ ಪಾಳೇಗಾರನ ಕುರಿಯೊಂದು ತಪ್ಪಿಸಿಕೊಂಡು ಸಂಜೆ ಬೆಟ್ಟದಿಂದ ಮೈಯೆಲ್ಲ ಒದ್ದೆಯಾಗಿ ಇಳಿದು ಬಂತು. ಹಾಗಾದ್ರೆ ಮೇಲೆ ನೀರಿದೆ ಅಂತ ಗೊತ್ತಾಗಿ ಅಲ್ಲಿ ಕೋಟೆ ಕಟ್ಟಿದ್ರು. ಗೆಜೆಟಿಯರ್‌ನಲ್ಲೂ ಇರೋ ಕತೆ ಇದು. ಹೈದರ್ ಬಂದು ಕೋಟೆಯನ್ನ ಇನ್ನಷ್ಟು ಭದ್ರ ಮಾಡಿದ್ದು ಆಮೇಲೆ. ಯೋಚನೆ ಮಾಡಿ, ಇಡೀ ಕೋಟೆಗೆ ಜಾಗ ತೋರಿಸಿದ್ದು ಒಂದು ಕುರಿ! ದೈತ್ಯನ ಸಮಾಧಿಗಿಂತ ಯಾವುದರಲ್ಲಿ ಕಮ್ಮಿ? ಆದರೆ ನನ್ನ ಸಹೋದ್ಯೋಗಿಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿದ್ರು. ನಾನು? ಬಾವನ "ಬತ್ತೈತೆ, ಓಗ್ತೈತೆ" ಕೇಳಿ ಇವರು ನಗ್ತಾರೇನೋ ಅಂತ ಹೆದರಿ, "ಆಯ್ತು ಬಾವ, ನಡಿ ನಡಿ" ಅಂದೆ. ಈ ವಾಕ್ಯ ಬರೆಯೋಕೆ ನನಗೆ ಏಳೆಂಟು ವರ್ಷ ಬೇಕಾಯ್ತು.

ಮೇಲ್ಭಾಗದಲ್ಲಿ ಮೆಟ್ಟಿಲು ಮುಗಿದು ಬರೀ ಬಂಡೆ, ಕಾಲಿಡೋಕೆ ಕೊರೆದ ಗುರುತು, ಹಿಡಿಯೋಕೆ ಕಂಬಿ. ಅಲ್ಲಿ ನಮ್ಮ ತಂಡದವನೊಬ್ಬ ಕೆಳಗೆ ನೋಡಿ ಕಲ್ಲಾಗಿಬಿಟ್ಟ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಟ್ರೆಕ್ ಲೀಡ್ ಮೇಲಿನಿಂದ "ಕಮಾನ್ ಬ್ರೋ" ಅಂತಿದ್ದ. ಬಾವ ಇಳಿದು ಬಂದು ಅವನ ಶೂ ಬಿಚ್ಚಿಸಿದ, ತನ್ನ ಕೈಯಲ್ಲೇ ಅವನ ಪಾದ ಹಿಡಿದು ಒಂದೊಂದೇ ಗುರುತಿಗೆ ಇಟ್ಟ. ಅರ್ಧ ಗಂಟೆ. ಅಷ್ಟು ಹೊತ್ತೂ ಅವನ ಜೊತೆ ಅವನ ಮನೆ, ಅವನ ತಾಯಿ ಅಂತ ಏನೋ ಮಾತಾಡಿಸ್ತಾನೇ ಇದ್ದ.

ಸಂಜೆ ಬಸ್ ಹತ್ತುವಾಗ ಐನೂರರ ನೋಟು ಕೊಡೋಕೆ ಹೋದೆ. "ಬ್ಯಾಡ ಬಿಡು" ಅಂದ. ನಾನು ಬಿಟ್ಟೆ. ನೋಟು ಜೇಬಿಗೆ ವಾಪಸ್ ಬಂದಾಗ ಒಳಗೊಳಗೇ ಸಮಾಧಾನವೂ ಆಯ್ತು. ಅವತ್ತೇ ಪ್ಯಾಕೇಜಿನವರಿಗೆ ಇಡೀ ದುಡ್ಡು ಕಟ್ಟಿದ್ದೆ, ಒಂದು ರೂಪಾಯಿ ಚೌಕಾಸಿ ಮಾಡದೆ.

ಈಗ ಹೇಳಿ, ಇದು ನನ್ನೊಬ್ಬನ ಕತೆಯಾ? ವಾರಾಂತ್ಯಕ್ಕೆ ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡ ಕೋಟೆ ಅಂತ ಹೊರಡ್ತೀರಲ್ಲ, ಕೊಟ್ಟ ದುಡ್ಡಲ್ಲಿ ಆ ಊರೊಳಗೆ ಎಷ್ಟು ಇಳೀತು ಅಂತ ಒಂದು ಸಲವಾದ್ರೂ ಕೇಳಿದ್ದೀರಾ? ಟ್ರೆಕ್ ಲೀಡ್ ಯಾವೂರವನು? ಆ ಊರಿನಿಂದ ಯಾರನ್ನ ಇಟ್ಕೊಂಡಿದ್ದೀರಿ, ಎಷ್ಟು ಕೊಡ್ತೀರಿ? ಪಾರ್ಕಿಂಗ್ ಇದ್ಯಾ, ಟಾಯ್ಲೆಟ್ ಇದ್ಯಾ ಅಂತ ಹತ್ತು ಸಲ ಕೇಳ್ತೀವಿ; ಇದನ್ನ ಕೇಳಲ್ಲ.

ಗೊತ್ತು, "ಲೋಕಲ್ ಗೈಡ್ ಅಂದ್ರೆ ಸುಲಿಗೆ" ಅಂತೀರಿ. ಕೆಲವು ಕಡೆ ಇರಬಹುದು. ಪ್ಯಾಕೇಜಿನವನು ತಲೆಗೆ ಸಾವಿರಾರು ಇಸ್ಕೊಂಡ್ರೆ ಅದು ಪ್ರೈಸಿಂಗ್, ಹಳ್ಳಿಯವನು ಮುನ್ನೂರು ಕೇಳಿದ್ರೆ ಸುಲಿಗೆ. "ಅವರಿಗೆ ಟ್ರೇನಿಂಗ್ ಇಲ್ಲ" ಅಂತಾನೂ ಅಂತೀರಿ. ಸರಿ, ಕೊಡಿಸೋಣ. ಗಾಯಕ್ಕೆ ಪಟ್ಟಿ ಕಟ್ಟೋದನ್ನ ಬಾವನಿಗೆ ಎರಡು ದಿನದಲ್ಲಿ ಕಲಿಸಬಹುದು. ಬಂಡೆ ಯಾವ ತಿಂಗಳು ಜಾರುತ್ತೆ, ಕರಡಿ ಯಾವ ಹೊತ್ತಲ್ಲಿ ಎಲ್ಲಿರುತ್ತೆ, ಯಾವ ದೊಣೆಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತೆ ಅನ್ನೋದನ್ನ ಇಂದಿರಾನಗರದ ಹುಡುಗನಿಗೆ ಎಷ್ಟು ದಿನದಲ್ಲಿ ಕಲಿಸ್ತೀರಿ?

2024ರ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಜಾತ್ರೆ ನೆರೆದ ಫೋಟೋ ನೆನಪಿದ್ಯಲ್ಲ. ಆನ್‌ಲೈನ್ ಬುಕಿಂಗ್ ಬರೋವರೆಗೆ ಚಾರಣ ನಿಲ್ಲಿಸಿ ಅಂತ ಅರಣ್ಯ ಸಚಿವರು ಹೇಳಿದ್ರು, ಆಮೇಲೆ ಬುಕಿಂಗ್ ಬಂತು. ಒಳ್ಳೇದೇ. ಆದರೆ ಬುಕಿಂಗ್ ಸೈಟು ನನ್ನಂಥವರು ಬರೆಯೋ ಕೋಡು. ತಲೆ ಎಣಿಸೋದಷ್ಟೇ ಅದಕ್ಕೆ ಗೊತ್ತು. ಬೆಟ್ಟದ ಬುಡದ ಮನೆಯವನು ಅದರಲ್ಲಿ ಯಾವ ಕಾಲಮ್ಮಿನಲ್ಲಿ ಬರ್ತಾನೆ?

ವೇಲ್ಸ್‌ನಿಂದ ವಾಪಸ್ ಬಂದ ವಾರ ಬಾವನಿಗೆ ಫೋನ್ ಮಾಡಿ ಐನೂರರ ವಿಷಯ ತೆಗೆದೆ. ಅವತ್ತು ಯಾಕೆ ಬೇಡ ಅಂದೆ ಅಂತ ಕೇಳಿದೆ. "ನೀನು ಓಟ್ಲಾಗೆ ಟಿಪ್ಸು ಮಡಗ್ದಂಗೆ ಕೊಟ್ಟೆ. ಕೂಲಿ ಅಂತ ಕೊಟ್ಟಿದ್ರೆ ಇಸ್ಕೊಂತಿದ್ದೆ" ಅಂದ.

ಮುಂದಿನ ಸಲ ಬಂದಾಗ ಹತ್ತು ಜನ ಬರ್ತೀವಿ, ಕರ್ಕೊಂಡು ಹೋಗ್ತೀಯಾ, ಎಷ್ಟು ಅಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ತಲೆಗೆ ಮುನ್ನೂರು. ಮುದ್ದೆ ಊಟ ಬೇಕಾದ್ರೆ ಅತ್ತೆಗೆ ಬ್ಯಾರೆ ಕೊಡ್ಬೇಕು."

"ನನಗೂ ಮುನ್ನೂರಾ?"

"ನಿಂಗೆ ತಲೆ ಇಲ್ವಾ?" ಅಂದು ಫೋನ್ ಇಟ್ಟ.