ವಿದ್ಯೆಯೂ ವಿನಯವೂ

ವಿದ್ಯೆ ಬಂದರೆ ವಿನಯವು ತಾನಾಗಿಯೇ ಬರುವುದೆಂದು ಶಾಲೆಯ ಗೋಡೆಗಳ ಮೇಲೆ ಬರೆಯಿಸುತ್ತ ಬಂದಿದ್ದೇವೆ. ಮೂವತ್ತು ವರ್ಷ ಅಧ್ಯಾಪನ ಮಾಡಿದ ನನಗೆ ಆ ಮಾತಿನಲ್ಲಿ ಪೂರ್ಣ ನಂಬಿಕೆ ಉಳಿದಿಲ್ಲ. ಅರೆಬರೆ ಕಲಿತವನಿಗೆ ಮಾತ್ರ ಗರ್ವ, ತುಂಬಿದ ಕೊಡಕ್ಕೆ ತುಳುಕಾಟವಿಲ್ಲ ಎಂದು ಸಮಾಧಾನ ಹೇಳುವವರುಂಟು. ಹಾಗಾದರೆ ಆರ್ಥರ್ ಎಡಿಂಗ್ಟನ್ನರ ವಿಷಯದಲ್ಲಿ ಏನು ಹೇಳೋಣ?

1919ರ ಸೂರ್ಯಗ್ರಹಣದ ವೀಕ್ಷಣೆಯಿಂದ ಐನ್‌ಸ್ಟೈನರ ಸಿದ್ಧಾಂತಕ್ಕೆ ಸಾಕ್ಷ್ಯವೊದಗಿಸಿದ ಆ ಮಹನೀಯರಷ್ಟು ನಕ್ಷತ್ರಗಳ ಅಂತರಂಗವನ್ನು ಬಲ್ಲವರು ಅಂದು ವಿರಳ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಕೇಂಬ್ರಿಜ್ಜಿಗೆ ಹೋಗಿದ್ದ ಇಪ್ಪತ್ತನಾಲ್ಕು ವಯಸ್ಸಿನ ಸುಬ್ರಹ್ಮಣ್ಯನ್ ಚಂದ್ರಶೇಖರ್, 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ತಮ್ಮ ಲೆಕ್ಕವನ್ನು ಮಂಡಿಸಿದರು. ಇಂಧನ ತೀರಿದ ನಕ್ಷತ್ರದ ದ್ರವ್ಯರಾಶಿಯು ಸೂರ್ಯನ ಸುಮಾರು 1.4ರಷ್ಟನ್ನು ಮೀರಿದ್ದರೆ ಅದು ಶ್ವೇತಕುಬ್ಜವಾಗಿ ನಿಲ್ಲಲಾರದು, ಕುಸಿಯುತ್ತಲೇ ಹೋಗುವುದು ಎಂಬುದು ಅದರ ಸಾರ. ಬಳಿಕ ಎದ್ದ ಎಡಿಂಗ್ಟನ್ನರು ಆ ಸೂತ್ರವೇ ಸಲ್ಲದೆಂದರು. ನಕ್ಷತ್ರವು ಇಂಥ ಅಸಂಬದ್ಧ ವರ್ತನೆಗೆ ಇಳಿಯದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕೆಂದರು. ಸಭೆ ನಕ್ಕಿತು. ಲೆಕ್ಕ ಸರಿಯಿತ್ತು.

ಎಡಿಂಗ್ಟನ್ನರಿಗೆ ಜ್ಞಾನದ ಕೊರತೆಯಿರಲಿಲ್ಲ. ಬಹುಕಾಲ ತೀರ್ಪುಗಾರನ ಪೀಠದಲ್ಲಿಯೇ ಕುಳಿತವರಿಗೆ ತಮ್ಮ ಅಭಿರುಚಿಯೇ ಪ್ರಕೃತಿಯ ನಿಯಮವಾಗಿ ಕಾಣತೊಡಗುವುದೆಂದು ನನ್ನ ಎಣಿಕೆ. ಚಂದ್ರಶೇಖರರ ದಾರಿ ಬೇರೆ. 1939ರಲ್ಲಿ ನಕ್ಷತ್ರಗಳ ರಚನೆಯನ್ನು ಕುರಿತ ಗ್ರಂಥವನ್ನು ಮುಗಿಸಿ ಅವರು ಆ ಕ್ಷೇತ್ರವನ್ನೇ ಬಿಟ್ಟರು. ನಕ್ಷತ್ರಸಮೂಹಗಳ ಚಲನೆ, ವಿಕಿರಣದ ಸಾಗಣೆ, ದ್ರವಗಳ ಸ್ಥಿರತೆ, ಕಪ್ಪುಕುಳಿಗಳು ಎಂದು ಮತ್ತೆ ಮತ್ತೆ ಹೊಸ ವಿಷಯ ಹಿಡಿದರು. ವರ್ಷಗಟ್ಟಲೆ ದುಡಿದು ಒಂದೊಂದು ಗ್ರಂಥ ಬರೆದು ಮುಂದೆ ಹೊರಟರು. ಅವರಿಗೆ ಸ್ವಾಭಿಮಾನವಿರಲಿಲ್ಲವೆಂದಲ್ಲ. ಆದರೆ ಐವತ್ತರ ವಯಸ್ಸಿನಲ್ಲಿಯೂ ಓನಾಮದಿಂದ ಆರಂಭಿಸುವವನಿಗೆ ಮತ್ತೊಬ್ಬ ಆರಂಭಿಕನನ್ನು ಕಂಡು ನಗುವುದು ಸುಲಭವಲ್ಲ. 1982ರಲ್ಲಿ, ಎಡಿಂಗ್ಟನ್ನರ ಜನ್ಮಶತಾಬ್ದಿಯಂದು, ಕೇಂಬ್ರಿಜ್ಜಿನಲ್ಲಿ ಅವರ ಹಿರಿಮೆಯನ್ನು ಕುರಿತು ಉಪನ್ಯಾಸವಿತ್ತವರು ಇದೇ ಚಂದ್ರಶೇಖರರು. ನೊಬೆಲ್ ಪಾರಿತೋಷಕ ಬಂದುದು ಮರುವರ್ಷ.

ಇಷ್ಟನ್ನು ಬರೆಯಲು ಕಾರಣ ನನ್ನದೇ ಒಂದು ತಪ್ಪು. ಚಂದ್ರನು ಸದಾ ಒಂದೇ ಮುಖ ತೋರಿಸುವುದಾದರೆ ಅವನು ತನ್ನ ಸುತ್ತ ತಾನು ತಿರುಗುವುದಿಲ್ಲವೇ ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ್ದ. ಉತ್ತರ ನನಗೆ ತಿಳಿದಿರಲಿಲ್ಲ. “ಪುಸ್ತಕದಲ್ಲಿದ್ದಷ್ಟು ಓದು, ಸಾಕು, ದೊಡ್ಡ ವಿಜ್ಞಾನಿ!” ಎಂದೆ. ತರಗತಿ ನಕ್ಕಿತು. ತಿರುಗುತ್ತಾನೆ, ಭೂಮಿಯನ್ನು ಒಂದು ಸುತ್ತು ಬರುವ ಸುಮಾರು 27 ದಿನಗಳಲ್ಲಿಯೇ ತನ್ನ ಸುತ್ತಲೂ ಒಂದು ಸುತ್ತು. ಅದನ್ನು ನಾನು ಓದಿ ತಿಳಿದುಕೊಳ್ಳುವಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟಾಗಿತ್ತು. ಅಂದಿನಿಂದ ಅವನು ಮತ್ತೆ ಕೈಯೆತ್ತಿದ್ದನ್ನು ನಾನು ಕಂಡಿರಲಿಲ್ಲ.

ಕೊಠಡಿಗಳಿಗೆ ಉದಾರವಾಗಿ ನೆರವಿತ್ತ ದಾನಿಗಳಲ್ಲಿ ನನ್ನದೊಂದು ಬಿನ್ನಹ. ಕೆಲವು ವರ್ಷಗಳಿಗೊಮ್ಮೆ ನಮ್ಮ ಅಧ್ಯಾಪಕರೊಬ್ಬರು ತಮಗೆ ಸ್ವಲ್ಪವೂ ತಿಳಿಯದ ವಿಷಯವೊಂದನ್ನು ಬೇರೆಲ್ಲಿಯಾದರೂ ವಿದ್ಯಾರ್ಥಿಯಾಗಿ ಕುಳಿತು ಕಲಿತು ಬರಲು ಒಂದು ಸಣ್ಣ ನಿಧಿಯನ್ನು ಏರ್ಪಡಿಸಬಹುದಲ್ಲವೇ?