ಶಕ್ತಿಯ ಮೂಲವೂ ನಮ್ಮ ಹೊಣೆಯೂ



ಮಧ್ಯಾಹ್ನದ ಬಿಡುವಿನಲ್ಲಿ ತರಗತಿಗಳ ಮುಂದೆ ಹಾದುಹೋಗುವಾಗ ನಾವು ಅನೇಕ ಸಲ ಒಂದು ನೋಟವನ್ನು ಕಂಡಿದ್ದೇವೆ. ಒಳಗೆ ಒಬ್ಬರೂ ಇಲ್ಲ. ನಾಲ್ಕು ಫ್ಯಾನುಗಳು ಮಾತ್ರ ಬರಿಯ ಬೆಂಚುಗಳಿಗೆ ಗಾಳಿ ಬೀಸುತ್ತಿವೆ. ಇದು ಅಲ್ಪ ವಿಷಯವೆಂದು ನೀವು ಹೇಳಬಹುದು. ಅಲ್ಪವಲ್ಲವೆಂಬುದು ನಮ್ಮ ಅಭಿಪ್ರಾಯ.

ಕೆಲಸ ಮಾಡುವ ಸಾಮರ್ಥ್ಯಕ್ಕೆ ಶಕ್ತಿಯೆಂದು ಹೆಸರು. ಅದು ನಾನಾ ರೂಪಗಳನ್ನು ತಾಳುತ್ತದೆ. ಎತ್ತರದಲ್ಲಿ ನಿಂತ ನೀರಿನಲ್ಲಿ ಸ್ಥಾನಶಕ್ತಿಯೂ, ಧುಮುಕುವ ನೀರಿನಲ್ಲಿ ಚಲನಶಕ್ತಿಯೂ, ಕಲ್ಲಿದ್ದಲಿನಲ್ಲಿಯೂ ನಾವುಣ್ಣುವ ಅನ್ನದಲ್ಲಿಯೂ ರಾಸಾಯನಿಕ ಶಕ್ತಿಯೂ ಅಡಗಿವೆ. ಉಷ್ಣ, ಬೆಳಕು, ವಿದ್ಯುತ್ತು ಅದರ ಬೇರೆ ರೂಪಗಳು. ಒಂದು ರೂಪ ಇನ್ನೊಂದಾಗಬಹುದೇ ಹೊರತು, ಶಕ್ತಿಯನ್ನು ಹೊಸದಾಗಿ ಸೃಷ್ಟಿಸಲೂ ಆಗದು, ನಾಶಗೊಳಿಸಲೂ ಆಗದು. ಹಾಗಾದರೆ ಮಿತವ್ಯಯವೇತಕ್ಕೆ ಎಂದು ಜಾಣರು ಕೇಳಿಯಾರು. ಫ್ಯಾನಿಗೆ ಸಂದ ಶಕ್ತಿ ಕಡೆಗೆ ಕೋಣೆಯ ಗಾಳಿಯಲ್ಲಿ ಉಷ್ಣವಾಗಿ ಚದರಿಹೋಗುತ್ತದೆ. ನಾಶವಾಗದಿದ್ದರೂ ಮರಳಿ ನಮ್ಮ ಕೈಗೆ ಬಾರದು.

ಈ ಮುಂಬಯಿಗೆ ಜಲವಿದ್ಯುತ್ತು ಬಂದ ಬಗೆಯನ್ನು ನೋಡಿರಿ. ಲೋಣಾವಳದ ಕೆರೆಗಳ ನೀರನ್ನು ಸಹ್ಯಾದ್ರಿಯ ಮೇಲಿಂದ ಸುಮಾರು 500 ಮೀಟರು ಕೆಳಗೆ ಖೋಪೋಲಿಗೆ ಇಳಿಸಿ, 1915ರಲ್ಲಿ ಟಾಟಾ ಸಂಸ್ಥೆಯು ಇಲ್ಲಿಯ ಹತ್ತಿಗಿರಣಿಗಳಿಗೆ ವಿದ್ಯುತ್ತನ್ನು ತಂದಿತು. ಅಷ್ಟು ಎತ್ತರದಿಂದ ಸಾವಿರ ಲೀಟರು ನೀರು ಬಿದ್ದರೆ ನಷ್ಟ ಕಳೆದು ದೊರೆಯುವುದು ಸುಮಾರು ಒಂದು ಯೂನಿಟ್ಟು. 75 ವಾಟಿನ ನಾಲ್ಕು ಫ್ಯಾನುಗಳು ದಿನಕ್ಕೆ ಅರ್ಧ ತಾಸಿನಂತೆ ವಾರದ ಆರು ದಿನ ಬರಿದೆ ತಿರುಗಿದರೆ, ಹೆಚ್ಚುಕಡಮೆ ಅಷ್ಟೇ ಖರ್ಚು!

ನೀರಿನ ಲೆಕ್ಕವಷ್ಟೇ ಸಾಲದು. ಮುಳಶಿಯ ಅಣೆಕಟ್ಟಿಗಾಗಿ ನೆಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು; ಸೇನಾಪತಿ ಬಾಪಟರು ಅದರ ನಾಯಕರಾದರು. ಆದರೂ ಅಣೆಕಟ್ಟು ಎದ್ದಿತು. ನಮ್ಮ ಶರಾವತಿಯಲ್ಲಿಯೂ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಹಲವು ಹಳ್ಳಿಗಳ ಮನೆ, ಗದ್ದೆ, ತೋಟಗಳು ನೀರಿನ ಪಾಲಾದುವು. ನಾಡಿಗೆ ಬೆಳಕು ಬಂದಿತು. ಮನೆ ಕಳೆದುಕೊಂಡವರು ಬೇರೆಡೆಗೆ ಗಂಟುಕಟ್ಟಿದರು. ಊರು ಬಿಟ್ಟು ಬಂದವರ ಮಕ್ಕಳಾದ ನಿಮಗೆ ಆ ನೋವನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ವಿದ್ಯುತ್ತೇ ಬೇಡವೆಂದು ನಾವು ಹೇಳುವುದಿಲ್ಲ. ಆ ಗಿರಣಿಗಳು ಸಾವಿರಾರು ಸಂಸಾರಗಳಿಗೆ ಅನ್ನವಿತ್ತುದು ಸತ್ಯ. ಬಿಸಿಲು, ಗಾಳಿಗಳಂಥ ಬತ್ತದ ಮೂಲಗಳತ್ತ ದೇಶ ಹೊರಳಿರುವುದೂ ಸಂತೋಷದ ವಿಷಯ. ಆದರೆ ಅವಕ್ಕೂ ಬೆಲೆಯುಂಟು: ಪಾವಗಡದ ಸೌರವಿದ್ಯುತ್ ಸ್ಥಾವರ ನಿಂತಿರುವುದು ರೈತರಿಂದ ಗೇಣಿಗೆ ಪಡೆದ ಸಾವಿರಾರು ಎಕರೆ ಭೂಮಿಯ ಮೇಲೆ. ಕಲ್ಲಿದ್ದಲನ್ನು ಸುಟ್ಟರಂತೂ ಹೊಗೆಯಿಂದ ಗಾಳಿ ಕೆಡುವುದಲ್ಲದೆ ಭೂಮಿಯ ತಾಪವೂ ಏರುತ್ತದೆ. ಯಾರಿಗೂ ಹೊರೆಯಾಗದ ಮೂಲ ಒಂದೇ. ಅದು ನಾವು ಉಳಿಸಿದ ಶಕ್ತಿ.

ಶಕ್ತಿಯ ವ್ಯಾಖ್ಯೆಯನ್ನು ಕಂಠಪಾಠ ಮಾಡಿದವರು ಪರೀಕ್ಷೆಯಲ್ಲಿ ಅಂಕಗಳನ್ನು ಗಳಿಸುವರು. ಅದರ ಮೂಲವನ್ನು ತಿಳಿದವರಾದರೋ ಕೋಣೆಯನ್ನು ಬಿಡುವಾಗ ಗುಂಡಿಯತ್ತ ಕೈಚಾಚುವರು. ನೀವು ಎರಡನೆಯವರೂ ಆಗಬೇಕೆಂಬುದೇ ನಮ್ಮ ಹಾರೈಕೆ.